ಟರ್ಬೊ ಆಮೇಲೆ, ಮೊದಲು ಸ್ಕ್ರೂ ಗೇಜ್

ಪ್ರಥಮ ಪಿಯುಸಿಯ ಫಿಸಿಕ್ಸ್ ಲ್ಯಾಬಿನಲ್ಲಿ ನಾವು ಮೊದಲು ಕೈಗೆತ್ತಿಕೊಳ್ಳುವ ಉಪಕರಣಗಳು ಎರಡು. ಒಂದು ವರ್ನಿಯರ್ ಕ್ಯಾಲಿಪರ್ಸ್, ಇನ್ನೊಂದು ಸ್ಕ್ರೂ ಗೇಜ್. ಒಂದು ತುಂಡು ತಂತಿಯ ದಪ್ಪವನ್ನು ಆರು ಸಲ ಅಳೆದು, ಸರಾಸರಿ ತೆಗೆದು, ರೆಕಾರ್ಡಿನಲ್ಲಿ ಬರೆದು ಮೇಷ್ಟ್ರ ಸಹಿ ಹಾಕಿಸಿಕೊಂಡರೆ ಆ ಕೆಲಸ ಮುಗಿಯಿತು. ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ ಬರೆದವರು ನಮ್ಮಲ್ಲಿ ಎಷ್ಟು ಮಂದಿ ಎಂದು ನಾನಿಲ್ಲಿ ಕೇಳುವುದಿಲ್ಲ. ಕೇಳಿದರೆ ಮೊದಲು ಕೈ ಎತ್ತಬೇಕಾದವನು ನಾನೇ.

ಅದೇ ಲ್ಯಾಬಿನಿಂದ ಹೊರಗೆ ಬಂದು ಕ್ಯಾಂಟೀನಿನಲ್ಲಿ ಕುಳಿತರೆ ನಮ್ಮ ಮಾತೇ ಬೇರೆ. ಯಾರ ಅಣ್ಣನ ಸ್ವಿಫ್ಟಿಗೆ ರೀಮ್ಯಾಪ್ ಆಯಿತು, ಯಾರ ಪೋಲೋ ಕಾರಿಗೆ ದೊಡ್ಡ ಟರ್ಬೊ ಬಂತು, ಪಡುಬಿದ್ರಿಯಿಂದ ಕಾಪುವಿಗೆ ಯಾರು ಎಷ್ಟು ನಿಮಿಷದಲ್ಲಿ ಹೋದರು, ಇದೇ ಸುದ್ದಿ. ಉಚ್ಚಿಲದ ಹುಡುಗರಿಗೆ ಹೆದ್ದಾರಿ ಮನೆಯ ಅಂಗಳದ ಹಾಗೆ. ರಾಷ್ಟ್ರೀಯ ಹೆದ್ದಾರಿ 66 ನಮ್ಮ ಊರನ್ನು ಎರಡು ಭಾಗ ಮಾಡಿಕೊಂಡು ಹೋಗುತ್ತದೆ. ಮಸೀದಿಗೆ ಹೋಗುವ ವೃದ್ಧರು, ಮೀನು ಮಾರಿ ಬರುವ ಹೆಂಗಸರು, ಕಾಲೇಜಿಗೆ ಬರುವ ನಾವು ಎಲ್ಲರೂ ಅದನ್ನೇ ದಾಟಬೇಕು.

ಈ ಲೇಖನ ಇಂಜಿನ್ ಹುಚ್ಚಿನ ವಿರುದ್ಧ ಅಲ್ಲ. ನನಗೂ ಆ ಹುಚ್ಚು ಉಂಟು. ಮನೆಯ ಶೆಡ್ಡಿನಲ್ಲಿ ಟರ್ಬೊ ಇಂಜಿನನ್ನು ಬಿಚ್ಚಬಹುದು, ಕಟ್ಟಬಹುದು, ಬಲಪಡಿಸಬಹುದು. ಹದಿನೇಳು ವರ್ಷದವರು ಕಲಿಯಬಹುದಾದ ಒಳ್ಳೆಯ ವಿದ್ಯೆಗಳಲ್ಲಿ ಅದೂ ಒಂದು. ಆದರೆ ನಾವು ಇಂದು ಮಾಡುತ್ತಿರುವುದು ಅದನ್ನಲ್ಲ. ನಾವು ಒಂದು ಡಬ್ಬಿ ಖರೀದಿಸಿ ಸಿಕ್ಕಿಸುತ್ತಿದ್ದೇವೆ, ಅಷ್ಟೇ.

ಡಬ್ಬಿಯ ವಿಷಯದಿಂದಲೇ ಶುರು ಮಾಡುತ್ತೇನೆ. ನನ್ನ ದೊಡ್ಡಮ್ಮನ ಮಗನ ಹತ್ತಿರ ಹಳೆಯ ಸ್ವಿಫ್ಟ್ ಡೀಸೆಲ್ ಉಂಟು. ಒಂದು ಅಂಗಡಿಯಲ್ಲಿ ಅವನಿಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಟ್ಯೂನಿಂಗ್ ಬಾಕ್ಸ್ ಹಾಕಿಕೊಟ್ಟರು. 75 ಪಿಎಸ್ ಇದ್ದದ್ದು ನೂರರ ಹತ್ತಿರ ಹೋಗುತ್ತದೆ ಎಂದರು. ಹೋಯಿತು ಕೂಡ. ಎರಡು ತಿಂಗಳು ಅವನ ಮುಖದಲ್ಲಿ ನಗು ಮಾಸಲಿಲ್ಲ. ಮೂರನೇ ತಿಂಗಳು, ಪಡುಬಿದ್ರಿ ಕಳೆದು ಸ್ವಲ್ಪ ಮುಂದೆ, ಕಾರಿನ ಹಿಂದೆ ಬಿಳಿ ಹೊಗೆ ಎದ್ದಿತು. ಬದಿಗೆ ನಿಲ್ಲಿಸಿ ಕೀ ತೆಗೆದ. ಇಂಜಿನ್ ನಿಲ್ಲಲಿಲ್ಲ. ಕೀ ಅವನ ಕೈಯಲ್ಲಿತ್ತು, ಇಂಜಿನ್ ಮಾತ್ರ ಕಿರುಚುತ್ತ ಮೇಲೆ ಮೇಲೆ ಹೋಗುತ್ತಿತ್ತು.

ಟರ್ಬೊದ ಒಳಗಿನ ಶಾಫ್ಟ್ ಸಡಿಲವಾಗಿ, ಅದರ ಸೀಲ್ ಹೋಗಿ, ಇಂಜಿನ್ ಆಯಿಲ್ ಗಾಳಿಯ ಪೈಪಿಗೆ ಸೋರಿತ್ತು. ಡೀಸೆಲ್ ಇಂಜಿನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಬಿಸಿ ಗಾಳಿಯ ಒತ್ತಡಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ. ಹಾಗಾಗಿ ಡೀಸೆಲ್ ಪೂರೈಕೆ ನಿಲ್ಲಿಸಿದರೂ ಅದು ತನ್ನದೇ ಆಯಿಲನ್ನು ಕುಡಿದು ಓಡುತ್ತದೆ. ಓಡಿದಷ್ಟೂ ಟರ್ಬೊ ಜೋರಾಗಿ ತಿರುಗುತ್ತದೆ, ತಿರುಗಿದಷ್ಟೂ ಹೆಚ್ಚು ಆಯಿಲ್ ಸೋರುತ್ತದೆ. ಆಯಿಲ್ ಮುಗಿದಾಗ ಇಂಜಿನ್ ಕಚ್ಚಿಕೊಂಡು ಒಡೆಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ರನ್‌ಅವೇ ಎನ್ನುತ್ತಾರೆ. ಹಿಂದಿನಿಂದ ಬಂದ ಒಬ್ಬ ಲಾರಿ ಡ್ರೈವರ್ ಓಡಿ ಬಂದು, ಇವನನ್ನು ಎಳೆದು ಇಳಿಸಿ, ಬ್ರೇಕ್ ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಇಂಜಿನ್ ದಡ್ ಎಂದು ನಿಂತಿತು. ಅವರ ಹೆಸರನ್ನೂ ಕೇಳಲಿಲ್ಲ ಎಂದು ಅಣ್ಣ ಇವತ್ತಿಗೂ ಬೇಸರ ಮಾಡಿಕೊಳ್ಳುತ್ತಾನೆ. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಅವನ ಎರಡು ವರ್ಷದ ಮಗಳಿದ್ದಳು.

ಆ ಇಂಜಿನನ್ನು ನನ್ನ ಮಾಮ ತಮ್ಮ ಶೆಡ್ಡಿನಲ್ಲಿ ಇಳಿಸಿದರು. ಮಾಮ ಹಲವು ವರ್ಷ ಸೌದಿಯಲ್ಲಿ ದೊಡ್ಡ ಗಾಡಿಗಳ ವರ್ಕ್‌ಶಾಪಿನಲ್ಲಿದ್ದು ಊರಿಗೆ ಬಂದವರು. ಓದಿದ್ದು ಏಳನೇ ಕ್ಲಾಸು. ಬೇಸಿಗೆ ರಜೆಯಾದ್ದರಿಂದ ಸ್ಪ್ಯಾನರ್ ಕೊಡುವ ಕೆಲಸಕ್ಕೆ ನಾನು ಹೋದೆ. ಅಲ್ಲಿ ಕಲಿತದ್ದನ್ನು ಹೇಳುವ ಮೊದಲು, ಟರ್ಬೊ ಎಂದರೆ ಏನು ಎಂದು ಒಂದಿಷ್ಟು ಹೇಳಬೇಕು. ಅದರ ಬಗ್ಗೆ ದಿನವಿಡೀ ಮಾತಾಡುವ ನನ್ನ ಗೆಳೆಯರಲ್ಲೇ ಅರ್ಧ ಮಂದಿಗೆ ಅದು ಗೊತ್ತಿಲ್ಲ.

ಯೆಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ನಮಗೆಲ್ಲ ಗೊತ್ತು. ಅಲ್ಲಿ ಕಲ್ಲಿದ್ದಲು ಸುಟ್ಟು ಹಬೆ ಮಾಡಿ, ಹಬೆಯ ರಭಸಕ್ಕೆ ಟರ್ಬೈನ್ ತಿರುಗಿಸುತ್ತಾರೆ. ಕಾರಿನಲ್ಲಿ ಆ ಹಬೆಯ ಜಾಗದಲ್ಲಿ ಹೊಗೆ. ಇಂಧನದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರ, ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಚಕ್ರ. ಹೊಗೆ ಮೊದಲನೆಯದನ್ನು ತಿರುಗಿಸಿದರೆ ಎರಡನೆಯದು ಹೊರಗಿನ ಗಾಳಿಯನ್ನು ಒತ್ತಿ ಇಂಜಿನಿಗೆ ತುಂಬುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಇಂಧನ ಸುಡಬಹುದು, ಹೆಚ್ಚು ಶಕ್ತಿ ಸಿಗುತ್ತದೆ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದು ಹಡಗಿನ ಇಂಜಿನುಗಳಲ್ಲಿ ಸರಿಯಾಗಿ ಕೆಲಸ ಮಾಡಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ನಮ್ಮ ಹುಡುಗರಿಗೆ ಅದು ಒಂದು ಭಾನುವಾರದಲ್ಲಿ ಆಗಬೇಕು!

ಕಾರಿನ ಸಣ್ಣ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಆ ಶಾಫ್ಟ್ ನಿಂತಿರುವುದು ಆಯಿಲಿನ ಒಂದು ತೆಳು ಪದರದ ಮೇಲೆ. ಆಯಿಲ್ ಹಳತಾದರೆ, ಪೈಪಿನಲ್ಲಿ ಕಸ ಕಟ್ಟಿದರೆ, ಜೋರಾಗಿ ಓಡಿಸಿ ತಟ್ಟನೆ ಆಫ್ ಮಾಡಿದರೆ ಆ ಪದರ ಸುಟ್ಟು ಇದ್ದಿಲಾಗುತ್ತದೆ. ದೂರ ಓಡಿಸಿ ಬಂದ ಮೇಲೆ ಅರ್ಧ ನಿಮಿಷವೋ ಒಂದು ನಿಮಿಷವೋ ಇಂಜಿನನ್ನು ಸುಮ್ಮನೆ ಓಡಲು ಬಿಡು ಎಂದು ಹಳೆಯ ಡ್ರೈವರ್‌ಗಳು ಹೇಳುವುದು ಇದಕ್ಕೇ.

ಇನ್ನು ನಮ್ಮ ಥರ್ಮೋಡೈನಾಮಿಕ್ಸ್ ಪಾಠ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ ಎಂದು ಸೈಕಲ್ ಪಂಪ್ ಮುಟ್ಟಿದವರಿಗೆಲ್ಲ ಗೊತ್ತು. ಎಷ್ಟು ಬಿಸಿ? 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ, ಅಡಿಯಾಬ್ಯಾಟಿಕ್ ಸೂತ್ರದ ಪ್ರಕಾರ ಅದು 96 ಡಿಗ್ರಿಗೆ ಏರುತ್ತದೆ. ಅದು ಆದರ್ಶ ಕಂಪ್ರೆಸರಿನ ಲೆಕ್ಕ. ಶೇ. 70ರಷ್ಟು ದಕ್ಷತೆ ಎಂದು ಹಿಡಿದರೆ 125 ಡಿಗ್ರಿ. ಬಿಸಿ ಗಾಳಿ ಹಗುರ. ಆದ್ದರಿಂದ ಒತ್ತಡ ಎರಡು ಪಟ್ಟಾದರೂ ಒಳಗೆ ಹೋಗುವ ಗಾಳಿ ಒಂದೂವರೆ ಪಟ್ಟು ಮಾತ್ರ. ಇಂಟರ್‌ಕೂಲರಿನಲ್ಲಿ ಅದನ್ನು 50 ಡಿಗ್ರಿಗೆ ಇಳಿಸಿದರೆ ಸುಮಾರು 1.9 ಪಟ್ಟು. ಬಾನೆಟ್ ಒಳಗೆ ಅಡಗಿದ ಒಂದು ರೇಡಿಯೇಟರ್ ಇಷ್ಟು ವ್ಯತ್ಯಾಸ ಮಾಡುತ್ತದೆ. ಈ ಲೆಕ್ಕವನ್ನು ನಾನು ಶೆಡ್ಡಿನಲ್ಲಿ ಸಿಮೆಂಟ್ ಚೀಲದ ಕಾಗದದ ಮೇಲೆ ಮಾಡಿದೆ. ಪರೀಕ್ಷೆಯಲ್ಲಿ ಇಂಥದೇ ಒಂದು ಪ್ರಶ್ನೆಗೆ ಐದಕ್ಕೆ ಎರಡು ಅಂಕ ತೆಗೆದವನು ನಾನು ಎಂಬುದೂ ನಿಜ.

ಈಗ ಆ 75 ಪಿಎಸ್ ಮಾತು. ಸ್ವಿಫ್ಟಿನಲ್ಲಿದ್ದದ್ದು ಫಿಯಟ್ ಕಂಪನಿಯ 1.3 ಲೀಟರ್ ಮಲ್ಟಿಜೆಟ್ ಇಂಜಿನ್. ಟಾಟಾ, ಫಿಯಟ್, ಮಾರುತಿ ಹೀಗೆ ಎಷ್ಟೋ ಕಾರುಗಳಿಗೆ ಅದೇ ಇಂಜಿನ್ ಬಂದದ್ದರಿಂದ ಜನ ಅದನ್ನು ಭಾರತದ ರಾಷ್ಟ್ರೀಯ ಡೀಸೆಲ್ ಇಂಜಿನ್ ಎಂದು ತಮಾಷೆ ಮಾಡುತ್ತಿದ್ದರು. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಈ 1248 ಸಿಸಿ ಇಂಜಿನಿನಿಂದ ಕಂಪನಿ 75 ಪಿಎಸ್ ತೆಗೆಯಿತು. ಎರ್ಟಿಗಾದಂಥ ಕಾರಿಗೆ 90 ಪಿಎಸ್ ಬೇಕೆಂದಾಗ ಡಬ್ಬಿ ಸಿಕ್ಕಿಸಲಿಲ್ಲ. ಟರ್ಬೊವನ್ನೇ ಬದಲಿಸಿ, ಒಳಗಿನ ರೆಕ್ಕೆಗಳು ಕೋನ ಬದಲಿಸುವಂಥ ಬೇರೆ ಟರ್ಬೊ ಹಾಕಿತು. ಹದಿನೈದು ಪಿಎಸ್ಸಿಗೆ ಕಂಪನಿಯವರೇ ಅಷ್ಟು ಮಾಡಿದರೆ, ಇಪ್ಪತ್ತೈದು ಪಿಎಸ್ ಬೆಂಕಿಪೆಟ್ಟಿಗೆಯಿಂದ ಬರುವುದು ಹೇಗೆ ಎಂದು ಅಣ್ಣ ಕೇಳಲಿಲ್ಲ. ಅವನಷ್ಟೇ ಅಲ್ಲ, ನಾನೂ ಕೇಳಲಿಲ್ಲ.

ಅದು ಬರುವುದು ಕಂಪನಿ ಬಿಟ್ಟ ಮಾರ್ಜಿನ್‌ನಿಂದ. ಕಂಪನಿಯವರು ಶಕ್ತಿಯನ್ನು ನಮ್ಮಿಂದ ಮುಚ್ಚಿಟ್ಟಿದ್ದಾರೆ, ನಾವದನ್ನು ಬಿಡಿಸಿಕೊಳ್ಳುತ್ತೇವೆ ಎಂದು ಅಂಗಡಿಯವರು ಹೇಳುತ್ತಾರೆ. ನನ್ನ ಪ್ರಕಾರ ಇದು ದೊಡ್ಡ ಸುಳ್ಳು. ಆ ಮಾರ್ಜಿನ್ ಇರುವುದು ಮೇ ತಿಂಗಳ ನಮ್ಮ ಕರಾವಳಿಯ ಸೆಕೆಗೆ. ಮದುವೆಗೆ ಹೋಗುವಾಗ ಏಳು ಜನ ತುಂಬಿಕೊಂಡು ಆಗುಂಬೆ ಘಾಟಿ ಹತ್ತುವುದಕ್ಕೆ. ಆಯಿಲ್ ಬದಲಿಸುವುದನ್ನು ಮೂರು ಸಾವಿರ ಕಿಲೋಮೀಟರ್ ಮರೆತವನಿಗೆ. ಡಬ್ಬಿ ಆ ಉಳಿತಾಯವನ್ನು ತೆಗೆದು ಖರ್ಚು ಮಾಡುತ್ತದೆ, ಆದಾಯ ತರುವುದಿಲ್ಲ.

ಒಂದು ಲೆಕ್ಕ ನೋಡಿ. ಈ ಇಂಜಿನಿನ ಪಿಸ್ಟನ್ ಅಗಲ 69.6 ಮಿಲಿಮೀಟರ್, ಅಂದರೆ ಒಂದು ಸಣ್ಣ ಚಾದ ಸಾಸರಿಗಿಂತಲೂ ಕಡಿಮೆ. ಇಂಧನ ಸಿಡಿಯುವಾಗ ಒಳಗೆ 150 ಬಾರ್ ಒತ್ತಡ ಎಂದು ಲೆಕ್ಕಕ್ಕೆ ಹಿಡಿದರೆ ಆ ಪುಟ್ಟ ತಲೆಯ ಮೇಲೆ ಬೀಳುವ ಭಾರ ಸುಮಾರು 5.8 ಟನ್. ಅದನ್ನು 180 ಬಾರಿಗೆ ಏರಿಸಿದರೆ 7 ಟನ್ ಹತ್ತಿರ. ನಾಲ್ಕು ಸಾವಿರ ಆರ್‌ಪಿಎಂನಲ್ಲಿ ಪ್ರತಿ ಪಿಸ್ಟನ್ ಮೇಲೆ ಈ ಪೆಟ್ಟು ಸೆಕೆಂಡಿಗೆ 33 ಸಲ ಬೀಳುತ್ತದೆ. ಪೆಟ್ಟನ್ನು ತಾಳುವುದು ಹೆಬ್ಬೆರಳು ದಪ್ಪದ ಕನೆಕ್ಟಿಂಗ್ ರಾಡ್, ಅದರ ಕೆಳಗೆ ಎರಡು ಬೋಲ್ಟ್, ಮತ್ತು ಆಯಿಲಿನ ಒಂದು ಪದರ.

ಇನ್ನು ಶೆಡ್ಡಿಗೆ ಬರೋಣ. ಇಂಜಿನ್ ಬಿಚ್ಚಿದಾಗ ಎರಡನೇ ಪಿಸ್ಟನ್ನಿನ ತಲೆ ಒಂದು ಕಡೆ ಕರಗಿತ್ತು, ರಿಂಗ್ ಕೂರುವ ಅಂಚು ಮುರಿದಿತ್ತು, ಬೋರಿನ ಗೋಡೆಯಲ್ಲಿ ಉಗುರಿಗೆ ಸಿಗುವಂಥ ಗೀರು. ಬೇರೆ ಬ್ಲಾಕ್ ಬೇಕಾಯಿತು. ಗುಜರಿಯಲ್ಲಿ ಒಂದು ಸಿಕ್ಕಿತು. ಗುಜರಿಯವರು, "ಚಿನ್ನದ ಹಾಗೆ ಉಂಟು ಕಾಕ, ಕಣ್ಣು ಮುಚ್ಚಿ ಹಾಕಿ" ಎಂದರು. ಮಾಮ ಕಣ್ಣು ಮುಚ್ಚಲಿಲ್ಲ. ಜೇಬಿನಿಂದ ಬೋರ್ ಗೇಜ್ ತೆಗೆದು ಪ್ರತಿ ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆದರು. ಅಂದರೆ ನಾಲ್ಕು ಬೋರಿಗೆ 24 ರೀಡಿಂಗ್. ನಾನು ಬರೆದುಕೊಳ್ಳುತ್ತ ಹೋದೆ. ಮೂರನೇ ಬೋರ್ ಮೇಲೆ ಒಂದು, ಕೆಳಗೆ ಒಂದು, 0.09 ಮಿಲಿಮೀಟರ್ ವ್ಯತ್ಯಾಸ. "ಬೇಡ" ಎಂದು ಎದ್ದರು. ಅಷ್ಟಕ್ಕೆ ಬೇಡವೇ, ಒಂದು ಕೂದಲಿನಷ್ಟು ಅಲ್ಲವೇ ಎಂದು ನಾನು ಕೇಳಿದೆ. "ಇಂಜಿನಿಗೆ ಕೂದಲೇ ದೊಡ್ಡದು ಮೋನೆ" ಎಂದರು. ಎರಡನೇ ಬ್ಲಾಕ್ ಉಡುಪಿಯಲ್ಲಿ ಸಿಕ್ಕಿತು. ಆ ಸಲ ಅಳೆದದ್ದು ನಾನು. ನನ್ನ ಮೊದಲ ರೀಡಿಂಗ್ ತಪ್ಪಿತ್ತು, ಝೀರೋ ಎರರ್ ಕಳೆಯುವುದನ್ನು ಮರೆತಿದ್ದೆ. ರೆಕಾರ್ಡಿನಲ್ಲಿ ಕಾಪಿ ಹೊಡೆದದ್ದರ ಫಲ.

ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವೆ ಆಯಿಲಿಗಾಗಿ ಬಿಡುವ ಜಾಗ, ಕ್ರ್ಯಾಂಕ್ ಜರ್ನಲ್ ಅಗಲದ ಸುಮಾರು ಸಾವಿರದಲ್ಲಿ ಒಂದು ಪಾಲು. 45 ಮಿಲಿಮೀಟರ್ ಜರ್ನಲ್ಲಿಗೆ ಸುಮಾರು 0.045. ನಮ್ಮ ಲ್ಯಾಬಿನ ವರ್ನಿಯರ್‌ನ ಲೀಸ್ಟ್ ಕೌಂಟ್ 0.1 ಮಿಲಿಮೀಟರ್. ಅದರ ಕಣ್ಣಿಗೆ ಈ ಜಾಗ ಕಾಣುವುದೇ ಇಲ್ಲ. ಸ್ಕ್ರೂ ಗೇಜಿಗೆ 0.01ರವರೆಗೆ ಕಾಣುತ್ತದೆ. ನಾವು ತಂತಿ ಅಳೆದು ಎತ್ತಿಟ್ಟ ಆ ಸ್ಕ್ರೂ ಗೇಜ್ ನಿಜವಾಗಿ ಯಾವ ಕೆಲಸಕ್ಕೆ ಹುಟ್ಟಿದ್ದು ಎಂದು ನನಗೆ ಗೊತ್ತಾದದ್ದು ಆ ದಿನ. ಜಾಗ ಕಡಿಮೆಯಾದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಹೆಚ್ಚಾದರೆ ಆಯಿಲ್ ಪ್ರೆಶರ್ ನಿಲ್ಲುವುದಿಲ್ಲ.

ಪಿಸ್ಟನ್ ರಿಂಗಿನ ಬಾಯಿಯೂ ಹಾಗೆಯೇ. ರಿಂಗ್ ಎಂದರೆ ಪೂರ್ತಿ ಉಂಗುರವಲ್ಲ, ಒಂದು ಕಡೆ ತೆರೆದಿರುತ್ತದೆ. ಬಿಸಿಯಾದಾಗ ಹಿಗ್ಗುವುದಕ್ಕೆ ಆ ಸಂದು. ಟರ್ಬೊದಿಂದ ಹೆಚ್ಚು ಶಕ್ತಿ ತೆಗೆಯುವ ಇಂಜಿನ್ ಹೆಚ್ಚು ಬಿಸಿಯಾಗುತ್ತದೆ, ಸಂದು ಸ್ವಲ್ಪ ಹೆಚ್ಚು ಬೇಕು. ಇಲ್ಲದಿದ್ದರೆ ಎರಡು ತುದಿ ಒಂದಕ್ಕೊಂದು ಮುಟ್ಟಿ, ಹಿಗ್ಗಲು ಜಾಗವಿಲ್ಲದೆ ಬೋರಿಗೆ ಒತ್ತಿ, ಪಿಸ್ಟನ್ನಿನ ಅಂಚನ್ನೇ ಮುರಿಯುತ್ತದೆ. ಅಣ್ಣನ ಪಿಸ್ಟನ್ ಅಂಚು ಮುರಿದದ್ದು ಹಾಗೆಯೇ ಇರಬೇಕು ಎಂದು ಮಾಮನ ಊಹೆ. ಹೊಸ ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ ತಲೆಕೆಳಗು ಹಿಡಿದು ನೇರವಾಗಿ ತಳ್ಳಿ, ಸಂದಿಗೆ ಫೀಲರ್ ಗೇಜ್ ಹಾಕಿ ನೋಡುವುದು. ಕಡಿಮೆಯಿದ್ದರೆ ಅರದಿಂದ ಒಂದೇ ತುದಿಯನ್ನು, ಹೊರಗಿನಿಂದ ಒಳಕ್ಕೆ, ಎರಡೋ ಮೂರೋ ಸಲ ಎಳೆದು ಮತ್ತೆ ನೋಡುವುದು. ನಾಲ್ಕು ಬೋರಿನ ರಿಂಗುಗಳಿಗೆ ನಮಗೆ ಮಗ್ರಿಬ್‌ನಿಂದ ಇಶಾವರೆಗಿನ ಹೊತ್ತು ಎರಡು ದಿನ ಬೇಕಾಯಿತು. ಈ ಕೆಲಸದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೈ ಕೂಡಿದ್ದು ನನ್ನ ತಂಗಿಯದು. ಅವಳು ಒಂಬತ್ತನೇ ಕ್ಲಾಸು. ಮೆಹಂದಿ ಹಾಕುವ ಕೈಗೆ ಅರ ಹಿಡಿಯುವುದು ಏನು ಕಷ್ಟ ಎಂದು ನಮ್ಮನ್ನು ಹಂಗಿಸಿದಳು.

ತೊಳೆಯುವ ವಿಷಯದಲ್ಲಿ ಜಗಳವೇ ಆಯಿತು. ಬೋರನ್ನು ಹೋನಿಂಗ್ ಮಾಡಿಸಿದ ಮೇಲೆ ಅದರ ಸೂಕ್ಷ್ಮ ಗೆರೆಗಳಲ್ಲಿ ಅರೆದ ಪುಡಿ ಕೂತಿರುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿದರೆ ಅದು ಹೋಗುವುದಿಲ್ಲ. ಬಿಸಿನೀರು ಮತ್ತು ಸೋಪಿನಲ್ಲಿ ಬ್ರಷ್ ಹಾಕಿ ತೊಳೆಯಬೇಕು, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಬರಬೇಕು. ಉಮ್ಮನ ಬಟ್ಟೆ ಸೋಪೂ ಹೋಯಿತು, ಮಾಮನ ಎರಡು ಹಳೆಯ ಮುಂಡೂ ಹೋಯಿತು. ತೊಳೆದು ಒಣಗಿಸಿ, ಆಯಿಲ್ ನಾಳೆ ಹಚ್ಚುತ್ತೇನೆ ಎಂದು ನಾನು ಬಿಟ್ಟೆ. ಬೆಳಿಗ್ಗೆ ನೋಡಿದರೆ ಬೋರು ಕೆಂಪು. ನಮ್ಮ ಮನೆಯಿಂದ ಕಡಲಿಗೆ ಎಷ್ಟು ದೂರ? ಈ ಉಪ್ಪು ಗಾಳಿಯಲ್ಲಿ ಬರಿ ಕಬ್ಬಿಣ ಒಂದು ರಾತ್ರಿಯೂ ತಡೆಯುವುದಿಲ್ಲ. ಪೂರ್ತಿ ಕೆಲಸ ಮತ್ತೊಮ್ಮೆ. ಮಾಮ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಇಂಥದನ್ನು ಹೊರದೇಶದವರ ವಿಡಿಯೊಗಳು ಹೇಳಿಕೊಡುವುದಿಲ್ಲ. ಉಚ್ಚಿಲದಲ್ಲಿ ಇಂಜಿನ್ ಕಟ್ಟುವವನು ತೊಳೆದ ಐದೇ ನಿಮಿಷಕ್ಕೆ ಆಯಿಲ್ ಹಚ್ಚಬೇಕು.

ಹೆಡ್ ಬೋಲ್ಟ್ ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಮೊದಲು ಟಾರ್ಕ್ ರೆಂಚಿನಲ್ಲಿ ಇಷ್ಟು, ಆಮೇಲೆ ಇಷ್ಟು ಡಿಗ್ರಿ ತಿರುಗಿಸುವುದು ಎಂದು ಕ್ರಮ ಉಂಟು. ಬೋಲ್ಟ್ ಎಂದರೆ ಒಂದು ಗಟ್ಟಿ ಸ್ಪ್ರಿಂಗ್ ಎಂದು ಮಾಮ ಹೇಳಿದಾಗ ನನಗೆ ಹೂಕನ ನಿಯಮ ನೆನಪಾಯಿತು. ಎಳೆದು ಹಿಡಿದಿರುವುದರಿಂದಲೇ ಅದು ಹೆಡ್ಡನ್ನು ಒತ್ತಿ ಹಿಡಿಯುತ್ತದೆ. ಇಲಾಸ್ಟಿಕ್ ಲಿಮಿಟ್ ದಾಟುವವರೆಗೆ ಎಳೆದ ಬೋಲ್ಟನ್ನು ಮತ್ತೆ ಹಾಕಬಾರದು, ಹೊಸತೇ ಬೇಕು. ಯಂಗ್ಸ್ ಮಾಡ್ಯುಲಸ್ ಎಂಬ ಪದವನ್ನು ಮಾಮ ಜೀವನದಲ್ಲಿ ಕೇಳಿಲ್ಲ. ಅದರ ಗ್ರಾಫನ್ನು ಅವರು ಕೈಯಿಂದ ಬಲ್ಲರು.

ಇಂಜಿನ್ ಮೊದಲ ಸಲ ಸ್ಟಾರ್ಟ್ ಆದದ್ದು ಒಂದು ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ. ಟರ್ಬೊಗೆ ಮೊದಲೇ ಆಯಿಲ್ ತುಂಬಿ, ಡೀಸೆಲ್ ಕೊಡದೆ ಸ್ವಲ್ಪ ಹೊತ್ತು ತಿರುಗಿಸಿ, ಪ್ರೆಶರ್ ಬಂದ ಮೇಲೆ ಸ್ಟಾರ್ಟ್. ಹೊಸ ಟರ್ಬೊ ಕಂಪನಿ ಕೊಟ್ಟ ಅಳತೆಯದೇ. ಡಬ್ಬಿ ಇಲ್ಲ. ಅಣ್ಣ ಮುಖ ಸಣ್ಣ ಮಾಡಿ, "ಇಷ್ಟೆಲ್ಲ ಮಾಡಿ ಮತ್ತೆ 75 ಪಿಎಸ್ಸೇ ಮಾಮ?" ಎಂದ. ಮಾಮ, "ನಿನಗೆ ನೂರೈವತ್ತು ಬೇಕಾ? ಕಟ್ಟಿಕೊಡ್ತೇನೆ. ಬರೆದುಕೋ" ಎಂದು ಪಟ್ಟಿ ಹೇಳಲು ಶುರುಮಾಡಿದರು. ಫೋರ್ಜ್ಡ್ ಪಿಸ್ಟನ್, ಯಾಕೆಂದರೆ ಅಚ್ಚಿಗೆ ಹೊಯ್ದ ಲೋಹಕ್ಕಿಂತ ಒತ್ತಿ ಬಡಿದು ಮಾಡಿದ ಲೋಹ ಪೆಟ್ಟಿಗೆ ಬೇಗ ಬಿರುಕು ಬಿಡುವುದಿಲ್ಲ. ಫೋರ್ಜ್ಡ್ ರಾಡ್. ಬೋಲ್ಟಿನ ಬದಲು ಗಟ್ಟಿ ಸ್ಟಡ್. ಲೋಹದ ಪದರದ ಗ್ಯಾಸ್ಕೆಟ್. ದೊಡ್ಡ ಇಂಟರ್‌ಕೂಲರ್, ಆಯಿಲ್ ಕೂಲರ್. ಹೊಗೆಯ ಬಿಸಿ ತೋರಿಸುವ ಗೇಜ್. ಅಷ್ಟು ಟಾರ್ಕ್ ತಾಳುವ ಕ್ಲಚ್. ಆಮೇಲೆ ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್. ಆಮೇಲೆ ಬ್ರೇಕ್, ಯಾಕೆಂದರೆ ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ಆಮೇಲೆ ಟೈರ್. ಅಣ್ಣ ಬ್ರೇಕಿನ ಹತ್ತಿರ ಬರೆಯುವುದನ್ನು ನಿಲ್ಲಿಸಿದ. ಪಟ್ಟಿಯ ಬೆಲೆ ಅವನ ಕಾರಿನ ಬೆಲೆಯನ್ನು ಅದಾಗಲೇ ದಾಟಿತ್ತು.

ಅಷ್ಟನ್ನೂ ಮಾಡಿದ ಕಾರನ್ನು ಓಡಿಸುವುದು ಎಲ್ಲಿ? ರಸ್ತೆಯಲ್ಲಂತೂ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದೇ ಅಳತೆಯ ಬಿಡಿಭಾಗ ಹಾಕಿ ಇಂಜಿನ್ ಕಟ್ಟಿಸುವುದಕ್ಕೆ ಅಡ್ಡಿಯಿಲ್ಲ. ನಮ್ಮ ವಯಸ್ಸಿನವರಿಗೆ ಇನ್ನೊಂದು ಕಲಂ ಇದೆ, 199ಎ. ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧವಾದರೆ ತಂದೆಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಗಲ್ಫಿನಲ್ಲಿ ಬೆವರು ಸುರಿಸಿ ಕಾರು ಕೊಡಿಸಿದ ತಂದೆ ರಜೆಗೆ ಬಂದಾಗ ಠಾಣೆಯ ಮೆಟ್ಟಿಲು ಹತ್ತುವುದನ್ನು ಯಾರು ಬಯಸುತ್ತಾರೆ?

ಓಡಿಸುವ ಜಾಗಗಳೂ ಉಂಟು, ಅಲ್ಲಿ ನಮ್ಮ ನೆರೆಯವರು ಹೆಸರೂ ಮಾಡಿದ್ದಾರೆ. ಕಾಸರಗೋಡಿನ ಮೂಸಾ ಶರೀಫ್ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್. ಗೌರವ್ ಗಿಲ್ ಜೊತೆ ಮಹೀಂದ್ರ ಎಕ್ಸ್‌ಯುವಿ 500ರಲ್ಲಿ ಅವರು ಗೆದ್ದದ್ದು ಸ್ಟಿಯರಿಂಗ್ ಹಿಡಿದಲ್ಲ, ಪಕ್ಕದ ಸೀಟಿನಲ್ಲಿ ಕೂತು ನೋಟ್ಸ್ ಓದಿ. ಮುಂದಿನ ತಿರುವು ಎಷ್ಟು ದೂರ, ಎಷ್ಟು ಕಡಿದು ಎಂದು ಮೊದಲೇ ಬರೆದುಕೊಂಡದ್ದನ್ನು ಸರಿಯಾದ ಕ್ಷಣಕ್ಕೆ ಓದುವುದು ಅವರ ಕೆಲಸ. ಅಲ್ಲೂ ಅಳತೆ ಮತ್ತು ಬರಹವೇ. ಇನ್ನು ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಮಣಿಪಾಲದ ಎಂಐಟಿಯಲ್ಲಿ ಫಾರ್ಮುಲಾ ಮಣಿಪಾಲ್ ಎಂಬ ವಿದ್ಯಾರ್ಥಿಗಳ ತಂಡ ರೇಸ್ ಕಾರನ್ನು ತಾವೇ ಕಟ್ಟುತ್ತದೆ. ಇಂಥ ತಂಡಗಳು ಸೇರುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ ಒಂದು ನಿಯಮ ನನಗೆ ಬಹಳ ಇಷ್ಟ. ಇಂಜಿನಿಗೆ ಹೋಗುವ ಗಾಳಿಯೆಲ್ಲ ಒಂದೇ ರಂಧ್ರದಿಂದ ಹೋಗಬೇಕು, ಪೆಟ್ರೋಲ್ ಇಂಜಿನಿಗೆ ಆ ರಂಧ್ರದ ಅಗಲ 20 ಮಿಲಿಮೀಟರ್. ಟರ್ಬೊ ಬೇಕಿದ್ದರೆ ಹಾಕಿ, ಆದರೆ ರಂಧ್ರ ಅದಕ್ಕೂ ಮೊದಲೇ ಇರಬೇಕು. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕ ಬಾಯಿ. ಅದರೊಳಗೆ ಯಾರ ಬುದ್ಧಿ ಹೆಚ್ಚು ನೋಡೋಣ ಎಂಬುದು ಆಟ.

ಈಗ ಸ್ವಲ್ಪ ಕಹಿ ಮಾತು. ನಮ್ಮಂಥ ಕಾಲೇಜುಗಳ ವಾರ್ತಾಪತ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಮುಸ್ಲಿಂ ವಿಜ್ಞಾನಿಗಳ ಬಗ್ಗೆ ಲೇಖನ ಬರುತ್ತದೆ. ಅದರಲ್ಲಿ ಅಲ್ ಜಝರಿ ಖಂಡಿತ ಇರುತ್ತಾರೆ. ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ದೊರೆಗಳ ಬಳಿ ಇದ್ದ ಅವರು 1206ರಲ್ಲಿ ಯಂತ್ರಗಳ ಪುಸ್ತಕ ಮುಗಿಸಿದರು, ಎರಡು ಸಿಲಿಂಡರಿನ ನೀರಿನ ಪಂಪನ್ನು ವಿವರಿಸಿದರು ಎಂದು ಓದಿ ನಾವು ಹೆಮ್ಮೆಪಡುತ್ತೇವೆ. ಆದರೆ ಅವರು ಕೈಯಿಂದ ಕೆಲಸ ಮಾಡಿದವರು. ಲೋಹ ಮುಟ್ಟಿದವರು. ಇಂದು ಅವರು ಉಚ್ಚಿಲಕ್ಕೆ ಬಂದರೆ ನಾವು ಅವರನ್ನು ಗ್ಯಾರೇಜಿನವ ಎಂದು ಕರೆಯುತ್ತಿದ್ದೆವು. "ಓದು ತಲೆಗೆ ಹತ್ತಲಿಲ್ಲ, ಗ್ಯಾರೇಜಿಗೆ ಹಾಕಿದೆವು" ಎಂಬ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ. ಓದಿದವರು ಪಿಸ್ಟನ್ ಮುಟ್ಟುವುದಿಲ್ಲ, ಪಿಸ್ಟನ್ ಮುಟ್ಟುವವರಿಗೆ ನಾವು ಪುಸ್ತಕ ಕೊಡುವುದಿಲ್ಲ. ಈ ನಡುವಿನ ಜಾಗದಲ್ಲೇ ಡಬ್ಬಿ ಮಾರುವವರು ಅಂಗಡಿ ಇಟ್ಟಿದ್ದಾರೆ.

ಈ ಮಾತಿಗೆ ಬರುವ ಆಕ್ಷೇಪ ನನಗೆ ಗೊತ್ತು. ಸಿಇಟಿ, ನೀಟ್ ಬಿಟ್ಟು ಇಂಜಿನ್ ಬಿಚ್ಚುತ್ತ ಕೂತರೆ ಅಂಕ ಯಾರು ಕೊಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನನ್ನ ಉತ್ತರ, ಥರ್ಮೋಡೈನಾಮಿಕ್ಸಿನಲ್ಲಿ ನನಗೆ ಈಗ ಯಾರೂ ಎರಡು ಅಂಕ ಕೊಡುವುದಿಲ್ಲ. ಎಲೆಕ್ಟ್ರಿಕ್ ಕಾರು ಬರುತ್ತಿರುವಾಗ ಟರ್ಬೊ ಏಕೆ ಎಂದೂ ಕೇಳುತ್ತಾರೆ. ಇದು ಗಟ್ಟಿ ಪ್ರಶ್ನೆ, ಹತ್ತು ವರ್ಷದಲ್ಲಿ ಸ್ವಿಫ್ಟ್ ಡೀಸೆಲ್ ಗುಜರಿಯಲ್ಲೇ ಇರಬಹುದು. ಆದರೆ ಮಲ್ಪೆ ಬಂದರಿನ ಬೋಟುಗಳು, ನಮ್ಮ ಮನೆ ಮುಂದೆ ಹೋಗುವ ಲಾರಿಗಳು ಅಷ್ಟು ಬೇಗ ಬ್ಯಾಟರಿಗೆ ಹೋಗುವುದಿಲ್ಲ. ಎಲೆಕ್ಟ್ರಿಕ್ ಮೋಟರಿಗೂ ಬೇರಿಂಗ್ ಉಂಟು, ಅದಕ್ಕೂ ಮೈಕ್ರೋಮೀಟರ್ ಬೇಕು. ಮುಂದೆ ಇದನ್ನೇ ಓದಬೇಕೆಂದವರಿಗೆ ಮಂಗಳೂರಿನ ಕೆಪಿಟಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಉಂಟು. ಅದನ್ನು ಡಿಗ್ರಿ ಸಿಗದವರ ಕೋರ್ಸ್ ಎನ್ನುವುದನ್ನು ನಮ್ಮ ಲೆಕ್ಚರರ್‌ಗಳು ದಯವಿಟ್ಟು ನಿಲ್ಲಿಸಬೇಕು.

ಕೊನೆಗೆ ಒಂದು ಕೋರಿಕೆ, ಪ್ರಾಂಶುಪಾಲರಿಗೆ ಮತ್ತು ಆಡಳಿತ ಮಂಡಳಿಯ ಹಿರಿಯರಿಗೆ. ಅಣ್ಣನ ಕಾರಿನ ಹಾಳಾದ ಬ್ಲಾಕ್, ಕರಗಿದ ಪಿಸ್ಟನ್, ಒಡೆದ ಟರ್ಬೊ ಮಾಮನ ಶೆಡ್ಡಿನಲ್ಲಿ ಹಾಗೆಯೇ ಬಿದ್ದಿವೆ. ಕಾಲೇಜಿಗೆ ಕೊಡಲು ಅವರು ಒಪ್ಪಿದ್ದಾರೆ. ಲ್ಯಾಬಿನ ಹಿಂದೆ ಮುರಿದ ಬೆಂಚು ತುಂಬಿಟ್ಟ ಕೋಣೆಯನ್ನು ಖಾಲಿ ಮಾಡಿಕೊಟ್ಟರೆ ಸಾಕು. ಇಂಜಿನ್ ಸ್ಟ್ಯಾಂಡನ್ನು ವೆಲ್ಡಿಂಗ್ ಮಾಡಿಸಿ ಕೊಡುವ ಜವಾಬ್ದಾರಿ ಅಣ್ಣನದು, ಅಷ್ಟು ಅವನು ಮಾಡಲೇಬೇಕು. ನಮ್ಮ ಸ್ಕ್ರೂ ಗೇಜುಗಳು 25 ಮಿಲಿಮೀಟರ್‌ವರೆಗೆ ಮಾತ್ರ. ಅದರಲ್ಲಿ ಬೇರಿಂಗ್ ಶೆಲ್ಲಿನ ದಪ್ಪ, ವಾಲ್ವ್ ಕಡ್ಡಿ, ರಿಂಗು ಅಳೆಯಬಹುದು. ಪಿಸ್ಟನ್ ಅಳೆಯಲು 50ರಿಂದ 75ರ ಮೈಕ್ರೋಮೀಟರ್ ಒಂದು, ಬೋರ್ ಗೇಜ್ ಒಂದು ಬೇಕಾಗುತ್ತದೆ. ಪ್ರಾಕ್ಟಿಕಲ್‌ನಲ್ಲಿ ತಂತಿಯ ಬದಲು ಒಂದು ಸಲ ಆ ಪಿಸ್ಟನ್ ಅಳೆಯಲು ಬಿಡಿ, ಹುಡುಗರಿಗೂ ಹುಡುಗಿಯರಿಗೂ. ಮಾಮ ಶನಿವಾರ ಮಧ್ಯಾಹ್ನ ಬರುತ್ತಾರಂತೆ. ಬೋರ್ಡಿನ ಮುಂದೆ ನಿಂತು ಮಾತಾಡಲು ಮಾತ್ರ ಹೇಳಬೇಡಿ ಎಂದು ಹೇಳಿ ಕಳುಹಿಸಿದ್ದಾರೆ.